ನೆಲದ ಮೇಲಣ ದೋಣಿ

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಜ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಾದ, ತೊಗಲು ಹೊದಿಸಿದ ಹರಿಗೋಲುಗಳನ್ನು ಕಂಡು ಬರೆದಿಟ್ಟಿದ್ದಾನೆ. ಅವುಗಳಲ್ಲಿ ಕುದುರೆ, ಎತ್ತುಗಳೂ ಹೊಳೆ ದಾಟುತ್ತಿದ್ದವಂತೆ.

ಮೀನುಗಾರನ ಸಣ್ಣ ಹರಿಗೋಲಿನ ಹಿರಿಮೆ ಬೇರೆ. ಒಬ್ಬನೇ ಅದನ್ನು ತಲೆಯ ಮೇಲೆ ಕವುಚಿಕೊಂಡು ನೀರಿನವರೆಗೆ ನಡೆದಾನು. ಭಾರವಾದ ದೋಣಿಗಾದರೋ ನಾಲ್ವರ ಹೆಗಲು ಬೇಕು. ಆ ನಾಲ್ವರು ದೊರೆಯದ ದಿನ ಅವನಿಗೆ ಮೀನೂ ಇಲ್ಲ, ಗಂಜಿಯೂ ಇಲ್ಲ. ಆಗ ಬಂಡಿಯೊಂದು ಬೇಕಾಗುತ್ತದೆ.

ಕಲಘಟಗಿಯ ನೀರಸಾಗರದಂಥ ಜಲಾಶಯದ ದಂಡೆಗೆ ದೋಣಿ ಒಯ್ಯುವ ಬಂಡಿ ಹೇಗಿರಬೇಕು? ಶ್ರೋತೃಗಳೆ, ನಮ್ಮ ಚಕ್ಕಡಿಯೇ ಇದಕ್ಕೆ ಉತ್ತರ ಹೇಳುತ್ತದೆ. ಹೇರು ಮುಂದಾದರೆ ನೊಗ ಎತ್ತಿನ ಕೊರಳನ್ನು ಒತ್ತುತ್ತದೆ. ಹಿಂದಾದರೆ ನೊಗವೇ ಮೇಲೇಳುತ್ತದೆ. ದೋಣಿಯ ಭಾರವೂ ಅಚ್ಚಿನ ಮೇಲೆ, ತುಸುವೇ ಮುಂದಕ್ಕೆ, ಕೂಡಬೇಕು. ನವಲಗುಂದದ ಎರೆಮಣ್ಣು ನೆನೆದರೆ ಕಿರಿದಾದ ಗಾಲಿಯನ್ನು ನುಂಗುತ್ತದೆ; ಅಗಲವಾದ ರಬ್ಬರ್ ಗಾಲಿ ಭಾರವನ್ನು ಹರಡಿ ಸಾಗುತ್ತದೆ. ದಂಡೆಯಲ್ಲಿ ದೋಣಿಯನ್ನು ಎತ್ತಿ ಇಳಿಸಬೇಕಾಗಿಲ್ಲ. ಬಂಡಿಯನ್ನು ಹಿಂದುಹಿಂದಾಗಿ ನೀರಿಗೆ ನಡೆಸಿದರೆ, ತನ್ನ ತೂಕದಷ್ಟು ನೀರನ್ನು ಸರಿಸಿದೊಡನೆ ದೋಣಿ ತಾನೇ ತೇಲುತ್ತದೆ. ಅದಕ್ಕೆಂದೇ ಬಂಡಿಯ ತಳ ತಗ್ಗಾಗಿರಬೇಕು.

ಇಳಿವಯಸ್ಸಿನ ಮೀನುಗಾರನೊಬ್ಬ ಯಾರ ಹಂಗೂ ಇಲ್ಲದೆ ದೋಣಿಯನ್ನು ನೀರಿಗಿಳಿಸಿದರೆ, ಆ ಬಂಡಿ ಕಟ್ಟಿದ ಬಡಿಗನ ವಿದ್ಯೆ ಸಾರ್ಥಕವಾದಂತೆ.