ಕುಷ್ಠರೋಗವೂ ನೆತ್ತರಿನ ಕಾವಲುಗಾರರೂ

(ಸಮೀರವಾಡಿ ಸುತ್ತಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಳೆ ಬಂದ ಹೊಲಕ್ಕೆ ನೀವು ಕಾವಲು ಇಡುತ್ತೀರಿ. ನಮ್ಮ ದೇಹಕ್ಕೂ ಕಾವಲುಂಟು. ನೆತ್ತರಿನಲ್ಲಿರುವ ಬಿಳಿ ರಕ್ತಕಣಗಳೇ ಆ ಕಾವಲುಗಾರರು. ಕಬ್ಬಿನ ರವದಿ ತಾಗಿ ಕೈ ಗೀರಿದರೆ, ಒಳಹೊಕ್ಕ ರೋಗಾಣುಗಳನ್ನು ಅವು ನುಂಗಿ ಕೊಲ್ಲುತ್ತವೆ.

ಕುಷ್ಠರೋಗದ ರೋಗಾಣು ಮಾತ್ರ ಬಲು ಠಕ್ಕ. ಇದನ್ನು 1873ರಲ್ಲಿ ನಾರ್ವೆ ದೇಶದ ವೈದ್ಯ ಹ್ಯಾನ್ಸನ್ ಕಂಡುಹಿಡಿದರು. ಬಿಳಿಕಣ ಇದನ್ನು ನುಂಗಿದರೂ ಇದು ಸಾಯದೆ ಅದರ ಹೊಟ್ಟೆಯಲ್ಲಿಯೇ ಬೆಳೆಯಬಲ್ಲದು. ಕಳ್ಳನು ಕಾವಲುಗಾರನ ಗುಡಿಸಲಲ್ಲೇ ಅಡಗಿದಂತೆ! ಆಗ ಬೇರೊಂದು ಬಗೆಯ ಬಿಳಿಕಣಗಳು ಬಂದು ಆ ಕಾವಲುಗಾರನನ್ನು ಎಚ್ಚರಿಸಬೇಕು. ನೂರಕ್ಕೆ ಸುಮಾರು 95 ಜನರಿಗೆ ಈ ರೋಗವನ್ನು ತಡೆಯುವ ಶಕ್ತಿ ಸಹಜವಾಗಿಯೇ ಇದೆ. ರೋಗ ತಗಲಿದವರಲ್ಲಿ ಎಚ್ಚರಿಸುವ ಕೆಲಸ ಚುರುಕಾಗಿದ್ದರೆ ಒಂದೆರಡು ಮಚ್ಚೆ. ಮಂದವಾಗಿದ್ದರೆ ಮೈತುಂಬ ಮಚ್ಚೆ, ಗಂಟು. ಆದುದರಿಂದ ಇದು ಪಾಪದ ಫಲವಲ್ಲ, ದೇವರ ಶಾಪವೂ ಅಲ್ಲ.

ಗುರುತು ಹೇಗೆ? ತಿಳಿಬಿಳಿ ಇಲ್ಲವೆ ತಾಮ್ರಬಣ್ಣದ, ಮುಟ್ಟಿದರೆ ತಿಳಿಯದ ಮಚ್ಚೆ. ನೋವಿಲ್ಲ, ತುರಿಕೆಯಿಲ್ಲವೆಂದು ಜನ ಅಲಕ್ಷ್ಯ ಮಾಡುತ್ತಾರೆ. ಕೇಡು ಇಲ್ಲಿಯೇ ಇದೆ. ಬಿಳಿಕಣಗಳಿಗೂ ರೋಗಾಣುಗಳಿಗೂ ನರದೊಳಗೆ ಕಾದಾಟ ನಡೆದು ನರವೇ ಕೆಡುತ್ತದೆ. ಆಮೇಲೆ ಕಬ್ಬಿನ ಕೂಳೆ ಕಾಲಿಗೆ ಚುಚ್ಚಿದರೂ ಅರಿವಾಗದು. ಗಾಯ ಹುಣ್ಣಾಗಿ ಕಾಲೇ ಊನವಾಗಬಹುದು.

ಮಚ್ಚೆ ಕಂಡೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಔಷಧಿ ಉಚಿತ. ವೈದ್ಯರು ಹೇಳಿದಂತೆ 6 ಇಲ್ಲವೆ 12 ತಿಂಗಳು ತಪ್ಪದೆ ನುಂಗಿದರೆ ರೋಗ ವಾಸಿಯಾಗುತ್ತದೆ. ಮೂತ್ರ ಕೆಂಪಾದರೆ, ಚರ್ಮ ಕಪ್ಪಾದರೆ ಅಂಜಬೇಡಿರಿ. ಅದು ಔಷಧಿಯ ಬಣ್ಣ.

ಇನ್ನೊಂದು ಮಾತು ಚೆನ್ನಾಗಿ ನೆನಪಿಡಿರಿ. ಔಷಧಿ ನಡೆದಿರುವಾಗ ಕೆಲವರಿಗೆ ಮಚ್ಚೆ ಕೆಂಪಾಗಿ ಬಾಯುತ್ತದೆ, ನರ ನೋಯುತ್ತದೆ. “ಗುಳಿಗೆ ಮೈಗೆ ಹಿಡಿಸಲಿಲ್ಲ” ಎಂದು ಬಿಟ್ಟುಬಿಡುವವರುಂಟು. ಅದು ಬಿಳಿಕಣಗಳ ಕಾದಾಟ ಒಮ್ಮೆಲೆ ಜೋರಾದುದರ ಲಕ್ಷಣ. ಗುಳಿಗೆ ನಿಲ್ಲಿಸದೆ ಅದೇ ದಿನ ವೈದ್ಯರಿಗೆ ತೋರಿಸಿರಿ. ಕಾದಾಟವನ್ನು ತಣಿಸುವ ಔಷಧಿ ಬೇರೆ ಇದೆ. ತಡಮಾಡಿದರೆ ಕೈಕಾಲಿನ ಬಲ ಹೋದೀತು.

ಔಷಧಿ ಆರಂಭಿಸಿದ ಮೇಲೆ ರೋಗಿಯಿಂದ ರೋಗ ಹರಡುವುದು ಬೇಗನೆ ನಿಲ್ಲುತ್ತದೆ. ಅವರನ್ನು ಪಂಕ್ತಿಯಿಂದ ಎಬ್ಬಿಸಬೇಡಿರಿ, ಮನೆಯಿಂದ ಹೊರಗಿಡಬೇಡಿರಿ. ಈ ರೋಗದ ನೆಪದಲ್ಲಿ ವಿಚ್ಛೇದನ ಕೇಳುವ ಅವಕಾಶವನ್ನೂ 2019ರಲ್ಲಿ ಕಾಯದೆಯಿಂದ ತೆಗೆದುಹಾಕಲಾಗಿದೆ.

ಈ ರಾತ್ರಿಯೇ ಮನೆಯವರೆಲ್ಲರ ಬೆನ್ನು, ತೋಳು, ಕಾಲುಗಳನ್ನು ದೀಪದ ಬೆಳಕಿನಲ್ಲಿ ಒಮ್ಮೆ ನೋಡಿರಿ. ಸಂಶಯ ಬಂದರೆ ನಾಳೆಯೇ ಹೊರಡಿರಿ.