‘ಟೇಕ್’ ಎಂದರೆ ‘ತೆಗೆದುಕೊಳ್ಳು’ ಮಾತ್ರವೇ?



ಇಂಗ್ಲಿಷಿನ ‘ಟೇಕ್’ ಎಂಬ ಕ್ರಿಯಾಪದದ ಅರ್ಥ ಕೇಳಿದರೆ ಶಾಲೆಯ ಹುಡುಗರು ಥಟ್ಟನೆ ‘ತೆಗೆದುಕೊಳ್ಳು’ ಎನ್ನುತ್ತಾರೆ. ಉತ್ತರ ತಪ್ಪಲ್ಲ. ಆದರೆ ಅದೊಂದನ್ನೇ ನಂಬಿ ಹೊರಟರೆ ಬೇಗನೆ ದಾರಿ ತಪ್ಪುತ್ತದೆ. ಇಂಗ್ಲಿಷಿನವರು ಬಸ್ಸು, ಸ್ನಾನ, ಪರೀಕ್ಷೆ, ಫೋಟೋ, ರಜೆ, ಸೇಡು ಎಲ್ಲಕ್ಕೂ ‘ಟೇಕ್’ ಬಳಸುತ್ತಾರೆ. ಬನ್ನೂರಿನವರು ಮೈಸೂರಿಗೆ ಬಸ್ಸು ಹಿಡಿಯುತ್ತಾರೆ, ಸ್ನಾನ ಮಾಡುತ್ತಾರೆ, ಪರೀಕ್ಷೆ ಬರೆಯುತ್ತಾರೆ, ಫೋಟೋ ತೆಗೆಯುತ್ತಾರೆ, ರಜ ಹಾಕುತ್ತಾರೆ, ಸೇಡು ತೀರಿಸಿಕೊಳ್ಳುತ್ತಾರೆ. ಅಲ್ಲಿ ಒಂದೇ ಪದ ಮಾಡುವ ಕೆಲಸವನ್ನು ಇಲ್ಲಿ ಆರು ಪದಗಳು ಹಂಚಿಕೊಂಡಿವೆ.

ಈ ‘ಟೇಕ್’ ಇಂಗ್ಲಿಷಿನ ಮನೆಮಗನಲ್ಲ ಎಂಬುದು ಸ್ವಾರಸ್ಯದ ಸಂಗತಿ. ಕನ್ನಡದಲ್ಲಿ ‘ಕವಿರಾಜಮಾರ್ಗ’ ರಚನೆಯಾದ ಒಂಬತ್ತನೆಯ ಶತಮಾನದಲ್ಲೇ ಸ್ಕ್ಯಾಂಡಿನೇವಿಯದ ವೈಕಿಂಗರು ಇಂಗ್ಲೆಂಡಿಗೆ ಬಂದು ನೆಲೆಸತೊಡಗಿದರು. ಅವರ ‘ತಾಕ’ ಎಂಬ ಪದವೇ ಮುಂದೆ ‘ಟೇಕ್’ ಆಯಿತು. ಅದಕ್ಕೆ ಮೊದಲು ಇಂಗ್ಲಿಷಿಗೆ ತನ್ನದೇ ಆದ ‘ನಿಮನ್’ ಇತ್ತು. ಹೊಸ ಪದದ ಭರಾಟೆಯಲ್ಲಿ ಹಳೆಯದು ಬಳಕೆಯಿಂದ ಮರೆಯಾಯಿತು. ಅದರ ಕುರುಹು ಜೋಮು ಹಿಡಿದದ್ದನ್ನು ಸೂಚಿಸುವ ‘ನಂಬ್’ ಎಂಬಂಥ ಪದದಲ್ಲಿ ಮಾತ್ರ ಉಳಿದಿದೆ.

ಕನ್ನಡಕ್ಕೆ ಅಂಥ ಗತಿ ಬಂದಿಲ್ಲ. ‘ತೆಗೆದುಕೊಳ್ಳು’ ಎಂಬುದರಲ್ಲಿರುವ ‘ಕೊಳ್ಳು’ ಸ್ವತಂತ್ರವಾಗಿ ನಿಂತರೆ ಪಡೆ, ಖರೀದಿಸು ಎಂದರ್ಥ. ಬೇರೆ ಕ್ರಿಯಾಪದದ ಹಿಂದೆ ಸೇರಿದರೆ ಕೆಲಸ ತನಗಾಗಿ ನಡೆಯಿತೆಂದು ಹೇಳುತ್ತದೆ. ಪತ್ರ ಬರೆಯುವುದು ಬೇರೆ, ಲೆಕ್ಕ ಬರೆದುಕೊಳ್ಳುವುದು ಬೇರೆ. ಇಂಥ ಸೂಕ್ಷ್ಮ ‘ಟೇಕ್’ಗೆ ಇಲ್ಲ.

ಆದರೂ ಇಂಗ್ಲಿಷಿನ ನೆರಳು ಬೀಳುತ್ತಲೇ ಇದೆ. ಕೆಲಸಕ್ಕೆ ಸಮಯ ‘ಹಿಡಿಯುತ್ತಿತ್ತು’, ಈಗ ‘ತೆಗೆದುಕೊಳ್ಳುತ್ತದೆ’. ಊರಿಗೆ ಹೊರಟವರಿಗೆ ‘ಜೋಪಾನ’ ಎನ್ನುತ್ತಿದ್ದ ಕಡೆ ‘ಕಾಳಜಿ ತೆಗೆದುಕೊಳ್ಳಿ’ ಬಂದಿದೆ. ಇದು ಬರೀ ಸೊಗಸಿನ ಪ್ರಶ್ನೆಯಲ್ಲ. ‘ಮಾತ್ರೆ ತೆಗೆದುಕೊಳ್ಳಿ’ ಎಂದಷ್ಟೇ ಹೇಳಿದರೆ ನುಂಗಬೇಕೋ, ಅಗಿಯಬೇಕೋ ತಿಳಿಯದು. ಎದೆನೋವಿಗೆ ಕೊಡುವ ಕೆಲವು ಮಾತ್ರೆಗಳನ್ನು ನಾಲಿಗೆಯ ಕೆಳಗಿಟ್ಟು ಕರಗಿಸಬೇಕು. ನುಂಗಿಬಿಟ್ಟರೆ ಬೇಕಾದಷ್ಟು ಬೇಗ ಗುಣ ಕಾಣದು. ಓದು ಬಾರದ ಅಜ್ಜಿಗೆ ‘ನುಂಗಬೇಡಿ, ನಾಲಿಗೆ ಕೆಳಗೆ ಇಟ್ಟುಕೊಳ್ಳಿ’ ಎನ್ನುವ ಕನ್ನಡವೇ ಅರ್ಧ ಔಷಧ.

ಪದದ ಅರ್ಥವನ್ನು ಬಳಕೆಯಲ್ಲಿ ಹುಡುಕಬೇಕೆಂದು ಕನ್ನಡಿಗರಿಗೆ ಕಲಿಸಿದ ನಿಘಂಟುಕಾರ ಪ್ರೊ. ಜಿ. ವೆಂಕಟಸುಬ್ಬಯ್ಯನವರಿಗೂ ಬನ್ನೂರಿಗೂ ನಂಟುಂಟು. 1913ರಲ್ಲಿ ಜನಿಸಿದ ಅವರು ಪ್ರಾಥಮಿಕ ಶಾಲೆ ಓದಿದ್ದು ಸರ್ಕಾರಿ ನೌಕರರಾಗಿದ್ದ ತಂದೆಗೆ ವರ್ಗವಾದ ಬನ್ನೂರು ಮತ್ತು ಮಧುಗಿರಿಯಲ್ಲಿ. ಮುಂದೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟಿನ ಪ್ರಧಾನ ಸಂಪಾದಕರಾದರು. ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಸಂದೇಹಗಳಿಗೆ ವರ್ಷಾನುಗಟ್ಟಲೆ ಉತ್ತರಿಸಿದರು. 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ.

ಅವರು ಅಕ್ಷರ ಕಲಿತ ಊರಿನ ಮಕ್ಕಳು ‘ಟೇಕ್’ ಅನ್ನು ಒಂಟಿಯಾಗಿ ಬಾಯಿಪಾಠ ಮಾಡಬೇಕಿಲ್ಲ. ಬಸ್ಸಿನ ಜೊತೆ, ಸ್ನಾನದ ಜೊತೆ, ಮಾತ್ರೆಯ ಜೊತೆ ಇಟ್ಟು ಕಲಿಯಲಿ; ಎದುರಿಗೆ ಮನೆಯಲ್ಲಿ ಆಡುವ ಕ್ರಿಯಾಪದವನ್ನೂ ಬರೆದುಕೊಳ್ಳಲಿ. ಆಗ ಇಂಗ್ಲಿಷೂ ಬರುತ್ತದೆ, ಕನ್ನಡವೂ ಉಳಿಯುತ್ತದೆ.