ಹೊರೆ, ದೂರ, ದಿನದ ದುಡಿಮೆ



ವಿದ್ಯುತ್ ವಾಹನಗಳ ಉಪಯುಕ್ತತೆಯನ್ನು ಕುರಿತ ಈ ವಿಚಾರಗೋಷ್ಠಿಗೆ ಪೀಠಿಕೆಯಾಗಿ, ಕಾರುಗಳ ಪ್ರಸ್ತಾಪವನ್ನು ಬದಿಗಿರಿಸಿ, ಸರಕು ಹೊರುವ ಪಿಕಪ್ ಟ್ರಕ್ಕುಗಳ ಒಂದು ಅಲ್ಪಾಯುಷಿ ಪ್ರಯೋಗವನ್ನು ತಮ್ಮ ಮುಂದಿಡಲು ಅಪೇಕ್ಷಿಸುತ್ತೇನೆ. ಏಕೆಂದರೆ ಕಾರಿನ ಕೊರತೆಯನ್ನು ಒಡೆಯನ ಅಭಿಮಾನ ಕೆಲಕಾಲ ಮರೆಮಾಡಬಹುದಾದರೂ, ದುಡಿಮೆಯ ವಾಹನದ ಕೊರತೆ ಅಂದಂದಿನ ಕೆಲಸದಲ್ಲಿಯೇ ಬಯಲಾಗುತ್ತದೆ.

ದೊಡ್ಡ ತಯಾರಕರು 1998ರಿಂದ ಕ್ಯಾಲಿಫೋರ್ನಿಯಾದಲ್ಲಿ ಮಾರುವ ವಾಹನಗಳಲ್ಲಿ ನೂರಕ್ಕೆ ಎರಡಾದರೂ ಹೊಗೆಯುಗುಳದಂಥವಾಗಿರತಕ್ಕದ್ದೆಂದು ಅಲ್ಲಿನ ವಾಯು ಸಂಪನ್ಮೂಲ ಮಂಡಲಿಯು 1990ರಲ್ಲಿ ವಿಧಿಸಿದ ನಿಯಮವೇ ಈ ಪ್ರಯೋಗದ ಬೀಜ. 1996ರಲ್ಲಿ ಆ ಗಡುವು ಸಡಿಲಗೊಂಡಿತು; ಆದರೂ 1997ರಲ್ಲಿ ಜನರಲ್ ಮೋಟಾರ್ಸಿನ ಶೆವ್ರೊಲೆ ಎಸ್-10 ಎಲೆಕ್ಟ್ರಿಕ್, ಮರುವರ್ಷ ಫೋರ್ಡ್ ರೇಂಜರ್ ಇವಿ ಹೊರಬಂದವು. ಮೊದಲನೆಯದರ ತಯಾರಿಕೆ ಐನೂರನ್ನು ಮುಟ್ಟಲಿಲ್ಲ. ಎರಡನೆಯದರದು ಸುಮಾರು ಒಂದೂವರೆ ಸಾವಿರವಾಯಿತು.

ಅವುಗಳ ಸಂಕಟವೆಲ್ಲ ಸೀಸ-ಆಮ್ಲ ಬ್ಯಾಟರಿಯಲ್ಲಿತ್ತು. ಒಂದು ಕಿಲೋಗ್ರಾಂ ತೂಕದಲ್ಲಿ ಮೂವತ್ತು-ನಲವತ್ತು ವಾಟ್-ಗಂಟೆಗಳಿಗಿಂತ ಹೆಚ್ಚು ಶಕ್ತಿಯನ್ನು ಹಿಡಿಯಲಾರದ ಆ ಬ್ಯಾಟರಿಯನ್ನು ನೂರಾರು ಕಿಲೋ ತುಂಬಿದರೂ ಎಸ್-10ರಲ್ಲಿ ಸಂಗ್ರಹವಾಗುತ್ತಿದ್ದುದು 16 ಕಿಲೋವಾಟ್-ಗಂಟೆಯಷ್ಟು, ಅಂದರೆ ಎರಡು ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿಗಿಂತಲೂ ಕಡಿಮೆ. ಅಷ್ಟರಲ್ಲಿಯೇ ಅದು ಅರವತ್ತು ಕಿಲೋಮೀಟರಿನ ಆಸುಪಾಸು ಓಡುತ್ತಿತ್ತೆಂಬುದು ವಿದ್ಯುತ್ ಮೋಟಾರಿನ ಮಿತವ್ಯಯಕ್ಕೆ ಸಾಕ್ಷಿಯೇ ಸರಿ. ಆದರೆ ಪಿಕಪ್ಪಿಗೆ ಕಾರಿಗಿಲ್ಲದ ಇನ್ನೊಂದು ಕಷ್ಟವುಂಟು: ಬ್ಯಾಟರಿಯ ತೂಕ ಹೆಚ್ಚಿದಷ್ಟೂ ಹೊರಬಹುದಾದ ಸರಕು ಇಳಿಯುತ್ತದೆ, ಸರಕು ಹೆಚ್ಚಿದಷ್ಟೂ ಕ್ರಮಿಸಬಹುದಾದ ದೂರ ತಗ್ಗುತ್ತದೆ, ಚಳಿಗಾಲವಂತೂ ಉಳಿದುದರಲ್ಲಿಯೂ ತನ್ನ ಪಾಲನ್ನು ಕಸಿಯುತ್ತದೆ. ಅನಂತರ ಬಂದ ನಿಕ್ಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿ ಎಸ್-10ರ ಸಂಗ್ರಹವನ್ನು ಬಹುಮಟ್ಟಿಗೆ ಇಮ್ಮಡಿಗೊಳಿಸಿತಾದರೂ ಅದರ ಬೆಲೆ ದುಬಾರಿಯಾಗಿತ್ತು.

ಹಾಗಾದರೆ ಇವು ನಿರುಪಯುಕ್ತವಾಗಿದ್ದುವೆ? ಹಾಗೆಂದು ನಾನು ಒಪ್ಪಲಾರೆ. ಅಮೆರಿಕದ ಅಂಚೆ ಇಲಾಖೆಯು ರೇಂಜರ್ ಇವಿಯ ಅಡಿಗಟ್ಟಿನ ಮೇಲೆ 500 ಟಪಾಲು ವಾಹನಗಳನ್ನು ಮಾಡಿಸಿಕೊಂಡಿತು. ಟಪಾಲಿನವನ ದಾರಿ ನಿಶ್ಚಿತ, ದೂರ ಅಲ್ಪ, ಹೆಜ್ಜೆಹೆಜ್ಜೆಗೂ ನಿಲುಗಡೆ, ಸಂಜೆಗೆ ಮರಳಿ ಅದೇ ಅಂಗಳ. ನಿಂತಲ್ಲಿ ಶಕ್ತಿಯನ್ನು ವ್ಯಯಿಸದೆ, ಬ್ರೇಕ್ ಹಿಡಿದಾಗ ಸ್ವಲ್ಪವನ್ನು ಮರಳಿ ಪಡೆಯುವ ಮೋಟಾರಿಗೆ ಇದಕ್ಕಿಂತ ಅನುರೂಪವಾದ ಉದ್ಯೋಗವೆಲ್ಲಿ? ಒಂದು ವಾಹನವು ಉಪಯುಕ್ತವೋ ಅಲ್ಲವೋ ಎಂಬುದನ್ನು ಅದಕ್ಕೆ ವಹಿಸಿದ ಕೆಲಸವನ್ನು ನೋಡದೆ ನಿರ್ಣಯಿಸುವುದು ಅಸಾಧ್ಯವೆಂದೇ ನನ್ನ ಅಭಿಪ್ರಾಯ. ಕನೆಕ್ಟಿಕಟ್ಟಿನ ಹಾರ್ಟ್‌ಫರ್ಡ್ ನಗರದ ವಿದ್ಯುತ್ ಕಂಪನಿ ಕೆಲಸಕ್ಕೆ ವಾಹನವನ್ನು ಹೊಂದಿಸುವ ದಾರಿಯೊಂದನ್ನು 1910ರ ದಶಕದಲ್ಲಿಯೇ ಕಂಡುಕೊಂಡಿತ್ತು: ವರ್ತಕರು ಬ್ಯಾಟರಿಯಿಲ್ಲದ ಟ್ರಕ್ಕನ್ನಷ್ಟೇ ಕೊಂಡು, ಬರಿದಾದ ಬ್ಯಾಟರಿಯನ್ನು ಕಂಪನಿಯಲ್ಲಿ ಬದಲಿಸಿಕೊಳ್ಳುತ್ತ, ಓಡಿದ ಮೈಲಿಗಳಿಗೆ ಅನುಗುಣವಾಗಿ ಹಣ ತೆರುತ್ತಿದ್ದರು. ಆ ಸೇವೆ 1924ರ ವರೆಗೂ ನಡೆಯಿತು.

ನನ್ನನ್ನು ನೋಯಿಸುವುದು ಆ ಪಿಕಪ್ಪುಗಳ ಮುಂದಿನ ಕಥೆ. 2002ರಲ್ಲಿ ರೇಂಜರ್ ಇವಿಯ ತಯಾರಿಕೆ ನಿಂತಿತು. ಬಹುಪಾಲು ಗುತ್ತಿಗೆಯ ಮೇಲೆಯೇ ಕೊಟ್ಟಿದ್ದ ವಾಹನಗಳನ್ನು ತಯಾರಕರು ಹಿಂಪಡೆದು, ಅನೇಕವನ್ನು ಜಜ್ಜಿ ಗುಜರಿಗೆ ಹಾಕಿದರು. ಮಾರಿಬಿಡಿರೆಂದು ಬಳಕೆದಾರರು ಪ್ರತಿಭಟಿಸಿದ ಮೇಲೆಯೇ ಕೆಲವು ಉಳಿದುಕೊಂಡವು. ದುಡಿಯುತ್ತಿದ್ದ ವಾಹನಗಳು ಹೀಗೆ ನಾಶವಾದಾಗ, ವರ್ಷಗಳ ದುಡಿಮೆಯಿಂದ ಅವು ಕೊಡಬಹುದಾಗಿದ್ದ ತಿಳಿವೂ ಅವುಗಳೊಡನೆಯೇ ಹೋಯಿತು.

ಇಂದು ಲಿಥಿಯಂ ಬ್ಯಾಟರಿಯು ಅದೇ ತೂಕದಲ್ಲಿ ಸೀಸ-ಆಮ್ಲ ಬ್ಯಾಟರಿಯ ನಾಲ್ಕೈದು ಪಟ್ಟು ಶಕ್ತಿಯನ್ನು ಹಿಡಿಯುತ್ತಿರುವಾಗ ಹಳೆಯ ಪ್ರಶ್ನೆಗಳು ತೀರಿದುವೆಂದು ಭಾವಿಸುವುದು ಸುಲಭ. ಹೊರೆಗೂ ದೂರಕ್ಕೂ ಇರುವ ವ್ಯಾಜ್ಯ ಮಾತ್ರ ಇನ್ನೂ ತೀರಿಲ್ಲ. ಆದ್ದರಿಂದ ಇಲ್ಲಿ ಪ್ರಬಂಧ ಮಂಡಿಸಲಿರುವವರಲ್ಲಿ ನನ್ನ ವಿಜ್ಞಾಪನೆಯಿಷ್ಟು: ಖಾಲಿ ವಾಹನ ಓಡುವ ದೂರವನ್ನು ಹೇಳಿದಲ್ಲಿ ತುಂಬಿದ ವಾಹನದ ದೂರವನ್ನೂ, ಹೊಸ ಬ್ಯಾಟರಿಯ ಸಾಮರ್ಥ್ಯವನ್ನು ಹೇಳಿದಲ್ಲಿ ಐದು ವರ್ಷ ಹಳೆಯದಾದ ಬ್ಯಾಟರಿಯ ಸಾಮರ್ಥ್ಯವನ್ನೂ ದಯವಿಟ್ಟು ತಿಳಿಸಿ, ಜೊತೆಗೆ, ಆ ವಾಹನವನ್ನು ದಿನವೂ ನಡೆಸುವ ಚಾಲಕನನ್ನು ವಿಚಾರಿಸಿದ್ದಲ್ಲಿ, ಅವನು ಕೊಟ್ಟ ಉತ್ತರವನ್ನೂ ಸಭೆಯ ಮುಂದಿಡಿ.